ಸ್ಟೆಮ್ ಸೆಲ್ ಕಸಿಯಾಗಿ ಮನೆಗೆ ಬಂದ ಮೇಲೆ ಏನೇನು ನೋಡಬೇಕು

ಲುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಆಗಿದ್ದ ತಮ್ಮನಿಗೆ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲಕೋಶ) ಕೊಟ್ಟವಳೂ ನಾನೇ, ಕಸಿಯಾದ ಮೇಲೆ ಮನೆಯಲ್ಲಿ ನೋಡಿಕೊಂಡವಳೂ ನಾನೇ. ದಾನಿ-ರೋಗಿಯ ಹೊಂದಾಣಿಕೆ ನೋಡಲು ಪರೀಕ್ಷಿಸುವ ಕೋಶಗಳ ಗುರುತು, ಎಚ್‌ಎಲ್‌ಎ, ನಮ್ಮಿಬ್ಬರದು 10ಕ್ಕೆ 10 ಹೊಂದಿತ್ತು. ಒಡಹುಟ್ಟಿದವರಲ್ಲೂ ಹೀಗೆ ಪೂರ್ತಿ ಹೊಂದುವ ಸಾಧ್ಯತೆ ಒಬ್ಬೊಬ್ಬರಿಗೆ ಶೇ 25 ಮಾತ್ರ. ಹಾಗಂತ ನಿರಾಳವಾಗಿ ಕೂರಬೇಡಿ. ಆ ಪರೀಕ್ಷೆಗೆ ಸಿಗದ ಚಿಕ್ಕಪುಟ್ಟ ವ್ಯತ್ಯಾಸಗಳು ಬೇಕಾದಷ್ಟಿರುತ್ತವೆ. ಅಕ್ಕನ ಕೋಶ ತಮ್ಮನ ಮೈ ಸೇರಿದರೆ ಅವನ ವೈ ಕ್ರೋಮೋಸೋಮಿನ ಪ್ರೋಟೀನುಗಳೇ ಅದಕ್ಕೆ ಹೊರಗಿನವು. ದಾನಿಯ ಟಿ ಕೋಶಗಳು (ಹೊರಗಿನದನ್ನು ಗುರುತಿಸಿ ಹೊಡೆಯುವ ಬಿಳಿ ರಕ್ತಕೋಶಗಳು) ರೋಗಿಯ ಚರ್ಮ, ಕರುಳು, ಲಿವರ್ ಮೇಲೆ ತಿರುಗಿಬೀಳುವುದಕ್ಕೆ ಜಿವಿಎಚ್‌ಡಿ ಅನ್ನುತ್ತಾರೆ.

ದಿನಾ ಬೆಳಗ್ಗೆ ಕಿಟಕಿಯ ಬೆಳಕಲ್ಲಿ ಅಂಗೈ, ಅಂಗಾಲು, ಕಿವಿ, ಕತ್ತು ನೋಡಿ. ದದ್ದು ಹೆಚ್ಚಾಗಿ ಅಲ್ಲೇ ಶುರುವಾಗುವುದು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಮುಟ್ಟಿ ನೋಡಿ, ತುರಿಕೆಯಿದೆಯೇ, ಉರಿಯುತ್ತಿದೆಯೇ ಕೇಳಿ. ಎಷ್ಟು ಹರಡಿದೆ ಅನ್ನುವುದನ್ನು ರೋಗಿಯ ಅಂಗೈಯಲ್ಲೇ ಅಳೆಯಿರಿ. ಬೆರಳೂ ಸೇರಿ ಒಂದು ಅಂಗೈ ಅಂದರೆ ಮೈಯ ಸುಮಾರು ಶೇ 1. "ನಿನ್ನೆ ಎರಡು ಅಂಗೈಯಷ್ಟಿತ್ತು, ಇವತ್ತು ಆರಾಗಿದೆ" ಅಂದರೆ ಫೋನಿನಲ್ಲೇ ಡಾಕ್ಟರಿಗೆ ಅಂದಾಜು ಸಿಗುತ್ತದೆ.

ಭೇದಿ ಎಷ್ಟು ಸಲ ಆಯಿತು ಅಂತ ಬರೆದಿಟ್ಟರೆ ಸಾಲದು, ಎಷ್ಟು ಮಿಲಿ ಅಂತಲೂ ಅಳೆಯಬೇಕು. ಮುಜುಗರ ಬಿಟ್ಟು ಗೆರೆಯಿರುವ ಪಾತ್ರೆ ಇಟ್ಟುಕೊಳ್ಳಿ. ದೊಡ್ಡವರಲ್ಲಿ ದಿನಕ್ಕೆ 500 ಮಿಲಿ ದಾಟಿತೇ ಅನ್ನುವುದರಿಂದ ಕರುಳಿನ ಜಿವಿಎಚ್‌ಡಿಯ ಹಂತ ಲೆಕ್ಕ ಹಾಕುತ್ತಾರೆ. ಅಷ್ಟಾಗುವವರೆಗೂ ಕಾಯಬೇಡಿ. ಭೇದಿ ಕಟ್ಟುವ ಮಾತ್ರೆಯನ್ನು ನೀವಾಗಿ ಕೊಡಲೂಬೇಡಿ, ಅದು ಸೋಂಕಿನಿಂದಲೂ ಆಗಿರಬಹುದು. ಕಣ್ಣು ಹಳದಿಯಾದರೂ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ ರಾತ್ರಿಯೇ ಆಗಿರಲಿ, ಆಸ್ಪತ್ರೆಗೆ ಫೋನ್ ಮಾಡಿ.

ಟಿ ಕೋಶಗಳನ್ನು ಹತೋಟಿಯಲ್ಲಿಡಲು ಕೊಡುವ ಸೈಕ್ಲೋಸ್ಪೊರಿನ್ ಅಥವಾ ಟ್ಯಾಕ್ರೋಲಿಮಸ್ ಔಷಧಿ ರಕ್ತದಲ್ಲಿ ಎಷ್ಟಿದೆ ಅಂತ ನೋಡಲು ರಕ್ತ ಕೊಡುವ ದಿನ ಬೆಳಗಿನ ಮಾತ್ರೆ ನುಂಗಿಸದೆ, ಜೊತೆಗೆ ಒಯ್ಯಿರಿ. ರಕ್ತ ತೆಗೆದ ಮೇಲೆ ಕೊಡಿ. ಮೊದಲೇ ನುಂಗಿದರೆ ಮಟ್ಟ ಸುಳ್ಳೇ ಏರಿ ಕಾಣುತ್ತದೆ.

ನನ್ನದೇ ಕೋಶ ಅವನ ಚರ್ಮ ಸುಡುತ್ತಿದೆಯಲ್ಲ ಅಂತ ಸಂಕಟಪಟ್ಟಿದ್ದೇನೆ. ದಾನಿಗಳಾದ ನಿಮಗೂ ಹಾಗನ್ನಿಸಬಹುದು. ಆದರೆ ಅಳಿದುಳಿದ ಲುಕೇಮಿಯಾ ಕೋಶಗಳನ್ನು ಹುಡುಕಿ ಕೊಲ್ಲುವುದೂ ಅವೇ ಟಿ ಕೋಶಗಳು. ಅದಕ್ಕೇ ಡಾಕ್ಟರು ಅವನ್ನು ಪೂರ್ತಿ ಅಡಗಿಸದೆ, ಔಷಧಿಯನ್ನು ಅಳೆದು ತೂಗಿ ಇಳಿಸುತ್ತಾ ಬರುತ್ತಾರೆ.

ಔಷಧಿ ಇಳಿಸುವಾಗ, ನಿಂತ ಮೇಲೂ, ಕಣ್ಣು ಬಾಯಿ ಒಣಗುವುದು, ಚರ್ಮ ಬಿಗಿಯುವುದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಕಂಡರೆ ಮುಂದಿನ ಭೇಟಿಯವರೆಗೆ ತಡೆಯದೆ ಹೇಳಿ. ತಿಂಗಳುಗಳಾದ ಮೇಲೂ ಜಿವಿಎಚ್‌ಡಿ ಹೀಗೆ ಬರುತ್ತದೆ.