ಗಿಲ್ಡ್ ವಾರ್ಸ್ 2ರಲ್ಲಿ ಈವೆಂಟ್ ಹುಡುಕುವುದು, ಅದರ ಬೆನ್ನು ಹತ್ತುವುದು

ಗಿಲ್ಡ್ ವಾರ್ಸ್ 2 ಅನ್ನುವ ಆನ್‌ಲೈನ್ ಆಟವನ್ನು ಹೊಸದಾಗಿ ಶುರು ಮಾಡಿದವರು ಮೊದಲ ದಿನವೇ ಕೇಳುವ ಪ್ರಶ್ನೆ ಒಂದಿದೆ. "ಕ್ವೆಸ್ಟ್ ಕೊಡುವವರು ಎಲ್ಲಿ?" ಬೇರೆ ಆಟಗಳಲ್ಲಿ ಊರಿಗೆ ಕಾಲಿಟ್ಟ ಕೂಡಲೇ ತಲೆ ಮೇಲೆ ಹಳದಿ ಚಿಹ್ನೆ ಹೊತ್ತು ನಿಂತವರು ಸಾಲಾಗಿ ಸಿಗುತ್ತಾರೆ. ಹತ್ತು ಹಂದಿ ಕೊಲ್ಲು, ಬಾ, ದುಡ್ಡು ತಗೋ. ಇಲ್ಲಿ ಹಾಗಿಲ್ಲ. 2012ರ ಆಗಸ್ಟ್‌ನಲ್ಲಿ ಬಂದ ಈ ಆಟದಲ್ಲಿ ಮುಖ್ಯ ಕಥೆ ಬೇರೆಯೇ ನಡೆಯುತ್ತದೆ. ಉಳಿದಂತೆ ಮ್ಯಾಪ್‌ನಲ್ಲಿ ಏನೇನೋ ತಾನಾಗಿ ಆಗುತ್ತಾ ಇರುತ್ತದೆ. ನೀವು ಇದ್ದರೂ ಆಗುತ್ತದೆ, ಇಲ್ಲದಿದ್ದರೂ ಆಗುತ್ತದೆ. ಅದಕ್ಕೇ ಡೈನಾಮಿಕ್ ಈವೆಂಟ್ ಅನ್ನುತ್ತಾರೆ.

ನಾನು ಕಾರವಾರದಲ್ಲಿ ಕೆಲಸ ಮಾಡುವವಳು. ತಮ್ಮ ಶಿರಸಿ ಕಡೆ ತೋಟ ನೋಡಿಕೊಂಡಿದ್ದಾನೆ. ರಾತ್ರಿ ಊಟ ಮುಗಿಸಿ ವಾಟ್ಸಾಪ್ ಕಾಲ್ ಹಾಕಿಕೊಂಡು ಇಬ್ಬರೂ ಆಡುತ್ತೇವೆ. ಅಡಿಕೆ ಕೊನೆ ಕೊಯ್ಲಿನ ದಿನಗಳಲ್ಲಿ ಅವನು ಸಿಗುವುದಿಲ್ಲ, ನಾನೊಬ್ಬಳೇ. ಅವನಿಗೆ ದೊಡ್ಡ ಬಾಸ್, ಅಂದ್ರೆ ಹಲವರು ಸೇರಿ ಹೊಡೆಯಬೇಕಾದ ದೈತ್ಯ ಶತ್ರು, ಅಂದ್ರೆ ಜೀವ. ನನಗೆ ಸಣ್ಣ ಈವೆಂಟ್‌ಗಳ ಸರಪಳಿ ಇಷ್ಟ. ಎರಡಕ್ಕೂ ದಾರಿ ಬೇರೆ, ಎರಡನ್ನೂ ಹೇಳುತ್ತೇನೆ.

ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ. ಸೌಂಡ್‌ನಲ್ಲಿ ಮ್ಯೂಸಿಕ್ ಕಡಿಮೆ ಮಾಡಿ, ಮಾತಿನ ವಾಲ್ಯೂಮ್ ಜಾಸ್ತಿ ಮಾಡಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಅರ್ಧ ಈವೆಂಟ್‌ಗಳು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತವೆ. ರಸ್ತೆಯಲ್ಲಿ ಹೋಗುತ್ತಿರುವಾಗ ಒಬ್ಬ ರೈತ ಓಡಿ ಬಂದು "ಕಳ್ಳರು ಬಂದರು" ಅಂತ ಕೂಗುತ್ತಾನೆ. ಸೈನಿಕ ಒಬ್ಬ ಜೊತೆಯವರನ್ನು ಕರೆಯುತ್ತಾನೆ. ಹಾಗೆ ಓಡುವವರು ಕಂಡರೆ ಅವರ ಹಿಂದೆಯೇ ಹೋಗಿ.

ಕಣ್ಣಿಗೆ ಸಿಗುವ ಗುರುತು ಕಿತ್ತಳೆ ಬಣ್ಣದ್ದು. ಹತ್ತಿರದಲ್ಲಿ ಈವೆಂಟ್ ಶುರುವಾದರೆ ಪರದೆಯ ಮೂಲೆಯ ಸಣ್ಣ ಮ್ಯಾಪ್‌ನ (ಮಿನಿಮ್ಯಾಪ್) ಅಂಚಿನಲ್ಲಿ ಕಿತ್ತಳೆ ಗುರುತು ಬಂದು ಯಾವ ಕಡೆ ಅಂತ ತೋರಿಸುತ್ತದೆ. ಹತ್ತಿರ ಹೋದರೆ ಮ್ಯಾಪ್ ಮೇಲೆ ಕಿತ್ತಳೆ ವೃತ್ತ ಕಾಣುತ್ತದೆ, ಪರದೆಯ ಬಲ ಮೂಲೆಯಲ್ಲಿ ಏನು ಮಾಡಬೇಕು, ಎಷ್ಟು ಆಗಿದೆ ಅಂತ ಬರುತ್ತದೆ. ಆ ವೃತ್ತದ ಜೊತೆ ಗುರಾಣಿಯ ಚಿಹ್ನೆ ಇದ್ದರೆ ಕಾಯಬೇಕು. ಕತ್ತಿಗಳಿದ್ದರೆ ಹೊಡೆಯಬೇಕು. ತಲೆಬುರುಡೆ ಇದ್ದರೆ ದೊಡ್ಡದೊಂದು ಪ್ರಾಣಿಯೋ ನಾಯಕನೋ ಇದ್ದಾನೆ, ಒಬ್ಬರೇ ನುಗ್ಗಬೇಡಿ. ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಬಲ ಮೂಲೆಯಲ್ಲಿ ಬರೆದಿದ್ದನ್ನು ಓದಿದರೆ ಸಾಕು.

ಹೃದಯದ ಚಿಹ್ನೆಗಳನ್ನು ಈವೆಂಟ್ ಅಂದುಕೊಳ್ಳಬೇಡಿ. ಅವು ಅಲ್ಲೇ ಇರುವ ಕೆಲಸ, ಎಂದು ಹೋದರೂ ಸಿಗುತ್ತವೆ. ದುರ್ಬೀನಿನ ಚಿಹ್ನೆ ಇರುವ ಸ್ಕೌಟ್ ಕೂಡ ಹೃದಯಗಳನ್ನೇ ತೋರಿಸುತ್ತಾನೆ, ಈವೆಂಟ್ ತೋರಿಸುವುದಿಲ್ಲ. ದೂರದ ಸಣ್ಣ ಈವೆಂಟ್‌ಗಳು ಮ್ಯಾಪ್ ತೆರೆದು ನೋಡಿದರೂ ಕಾಣುವುದೇ ಇಲ್ಲ. ಅದಕ್ಕೆ ಸುಮ್ನೆ ತಿರುಗಬೇಕು. ಹೃದಯದ ಕೆಲಸ ಮಾಡುತ್ತಾ ಇದ್ದರೆ ಅದರ ಸುತ್ತಮುತ್ತಲೇ ಈವೆಂಟ್ ಹುಟ್ಟುತ್ತದೆ, ಎರಡೂ ಒಟ್ಟಿಗೆ ಮುಗಿಯುವುದೂ ಉಂಟು.

ದೂರದಿಂದ ಸಿಗುವ ಸುಳಿವೂ ಒಂದಿದೆ. ವೇಪಾಯಿಂಟ್‌ಗಳು ಗೊತ್ತಲ್ವಾ, ದುಡ್ಡು ಕೊಟ್ಟು ಒಂದು ಜಾಗದಿಂದ ಇನ್ನೊಂದಕ್ಕೆ ಹಾರುವ ಗುರುತು. ಆ ಜಾಗ ಶತ್ರುಗಳ ಕೈಗೆ ಹೋದರೆ ಅಥವಾ ಅಲ್ಲಿ ಜಗಳ ನಡೆಯುತ್ತಿದ್ದರೆ ಗುರುತು ಬದಲಾಗುತ್ತದೆ, ಅಲ್ಲಿಗೆ ನೇರ ಹಾರಲು ಬಿಡುವುದಿಲ್ಲ. ಹೊಸಬರು ಇದನ್ನು ನೋಡಿ ಬೈಯುತ್ತಾರೆ. ನನಗಂತೂ ಖುಷಿ. ಆಟವೇ ಬೆರಳು ಮಾಡಿ ಇಲ್ಲಿ ಏನೋ ನಡೆದಿದೆ ಅಂದಂತೆ. ಪಕ್ಕದ ವೇಪಾಯಿಂಟ್‌ಗೆ ಹೋಗಿ ಅಲ್ಲಿಂದ ನಡೆಯಿರಿ.

ಈಗ ಮುಖ್ಯ ಮಾತು. ಈವೆಂಟ್ ಮುಗಿಯಿತು, ಪದಕ ಬಂತು, ಅನುಭವದ ಅಂಕ ಬಂತು, ಕರ್ಮ ಅನ್ನುವ ಪಾಯಿಂಟ್ ಬಂತು. ಎಲ್ಲರೂ ಓಡಿ ಹೋಗುತ್ತಾರೆ. ನೀವು ಹೋಗಬೇಡಿ. ಅಲ್ಲೇ ಒಂದು ನಿಮಿಷ ನಿಲ್ಲಿ. ನೀವು ಉಳಿಸಿದ ಆ ಮನುಷ್ಯ ಏನು ಮಾಡುತ್ತಾನೆ ನೋಡಿ. ಸಾಮಾನು ಕಟ್ಟುತ್ತಾನಾ? ಜೊತೆಯವನ ಹತ್ತಿರ ಮಾತಾಡುತ್ತಾನಾ? ಹಾಗಿದ್ದರೆ ಮುಂದಿನ ಈವೆಂಟ್ ಶುರುವಾಗುವುದು ಅವನಿಂದಲೇ. ತಮ್ಮ ಯಾವಾಗಲೂ ಮುಂದೆ ಓಡುವವನು. "ಬಾರೆ ಅಕ್ಕಾ, ಎಂತ ಮಾಡ್ತಾ ಇದ್ದೆ ಅಲ್ಲಿ?" ಅಂತ ಫೋನಿನಲ್ಲಿ ಕೂಗುತ್ತಾನೆ. ನಾನು "ನಿಂತ್ಕ ಮಾರಾಯ, ಅಂವ ಎಂತೋ ಹೇಳ್ತಾ ಇದ್ದ" ಅನ್ನುತ್ತೇನೆ. ಅವನು ಗೊಣಗುತ್ತಾ ವಾಪಸ್ ಬರುವಷ್ಟರಲ್ಲಿ ಕಿತ್ತಳೆ ವೃತ್ತ ಮತ್ತೆ ಬಂದಿರುತ್ತದೆ.

ಈ ಸರಪಳಿ ಚೆನ್ನಾಗಿ ಕಾಣುವ ಜಾಗ ಹರಾತಿ ಹಿಂಟರ್‌ಲ್ಯಾಂಡ್ಸ್. ಅಲ್ಲಿ ಸೆರಾಫ್ ಅನ್ನುವ ಸೈನಿಕರಿಗೂ ಅರ್ಧ ಮನುಷ್ಯ, ಅರ್ಧ ಕುದುರೆಯಂಥ ಸೆಂಟಾರ್‌ಗಳಿಗೂ ಬಿಡದ ಯುದ್ಧ. ಸೈನಿಕರ ಜೊತೆ ಹೋಗಿ ಒಂದು ಶಿಬಿರ ಗೆದ್ದರೆ ಅವರು ಅಲ್ಲಿ ನೆಲೆ ಮಾಡುತ್ತಾರೆ, ಆಮೇಲೆ ಅದನ್ನು ಕಾಯಬೇಕು, ಆಮೇಲೆ ಮುಂದಿನ ಶಿಬಿರ. ಹಾಗೇ ಹೋದರೆ ಕೊನೆಗೆ ಉಲ್‌ಗೋತ್ ಅನ್ನುವ ಸೆಂಟಾರ್ ನಾಯಕನ ಎದುರು ನಿಲ್ಲುತ್ತೀರಿ. ಯಾರೂ ಬರದಿದ್ದರೆ ಸೆಂಟಾರ್‌ಗಳು ಶಿಬಿರ ವಾಪಸ್ ಕಿತ್ತುಕೊಳ್ಳುತ್ತವೆ. ಅಂಗಡಿಯವನೂ ಇರುವುದಿಲ್ಲ, ವೇಪಾಯಿಂಟೂ ಮುಚ್ಚಿರುತ್ತದೆ. ಅಂದ್ರೆ ಸೋತರೂ ಕಥೆ ನಿಲ್ಲುವುದಿಲ್ಲ, ಬೇರೆ ದಾರಿ ಹಿಡಿಯುತ್ತದೆ. ಸೋತದ್ದಕ್ಕೂ ಸ್ವಲ್ಪ ಬಹುಮಾನ ಸಿಗುತ್ತದೆ. ಹಾಗಾಗಿ ಸೋಲುವ ಈವೆಂಟ್ ಬಿಟ್ಟು ಓಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ವಾಪಸ್ ಗೆಲ್ಲುವ ಈವೆಂಟ್ ಅದೇ ಜಾಗದಲ್ಲಿ ಬರುತ್ತದೆ, ಕಾಯಿರಿ.

ಗಾಡಿ, ಸಾಮಾನಿನ ಪ್ರಾಣಿಗಳ ಜೊತೆ ಹೋಗುವ ಈವೆಂಟ್ ನಿಧಾನ. ಮುಂದೆ ಓಡಬೇಡಿ. ದಾಳಿ ಮಾಡುವವರು ಗಾಡಿಯ ಹತ್ತಿರವೇ ಹುಟ್ಟಿಕೊಳ್ಳುತ್ತಾರೆ, ನೀವು ಮುಂದೆ ಇದ್ದರೆ ಹಿಂದೆ ಗಾಡಿ ಸತ್ತಿರುತ್ತದೆ.

ಇನ್ನೊಂದು ಸಂಕೋಚ ಹೊಸಬರಿಗೆ ಇರುತ್ತದೆ. ಬೇರೆಯವರು ಹೊಡೆಯುತ್ತಿರುವಾಗ ನಾನು ನಡುವೆ ಹೋದರೆ ಅವರ ಪಾಲು ಕಿತ್ತುಕೊಂಡಂತೆ ಆಗುತ್ತದಾ? ಇಲ್ಲ. ಕಾರವಾರ, ಮಾಜಾಳಿ ಕಡೆ ದಂಡೆಯಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಗ್ಗಕ್ಕೆ ಕೈ ಹಾಕಿದವನಿಗೆ ಪಾಲು ಉಂಟು. ಇಲ್ಲೂ ಹಾಗೇ, ಪಾರ್ಟಿ (ಆಟದೊಳಗಿನ ಸಣ್ಣ ಗುಂಪು) ಸೇರಬೇಕಾಗಿಲ್ಲ, ಕೇಳಬೇಕಾಗಿಲ್ಲ, ಬಂದು ಕೈ ಜೋಡಿಸಿದರೆ ಪ್ರತಿಯೊಬ್ಬರಿಗೂ ಅವರವರ ಬಹುಮಾನ ಬೇರೆಯೇ ಬರುತ್ತದೆ. ಕೆಲಸ ಮಾಡಿದ್ದರ ಮೇಲೆ ಚಿನ್ನ, ಬೆಳ್ಳಿ, ಕಂಚು. ಜನ ಜಾಸ್ತಿ ಆದ ಹಾಗೆ ಈವೆಂಟ್ ಕೂಡ ಗಟ್ಟಿಯಾಗುತ್ತದೆ, ಶತ್ರುಗಳು ಜಾಸ್ತಿ ಬರುತ್ತಾರೆ. 80ನೇ ಲೆವೆಲ್‌ನವರು ಸಣ್ಣ ಮ್ಯಾಪ್‌ಗೆ ಬಂದರೆ ಆಟ ಅವರ ಬಲವನ್ನು ಆ ಜಾಗಕ್ಕೆ ತಕ್ಕಂತೆ ಇಳಿಸುತ್ತದೆ. ಹಾಗಾಗಿ ಹಳಬರ ಜೊತೆ ಹೊಸಬರು ಆರಾಮಾಗಿ ಆಡಬಹುದು. ಬಿದ್ದವರು ಕಂಡರೆ ಎಬ್ಬಿಸಿ. ಪೂರ್ತಿ ಸತ್ತು ಮಲಗಿದವರು ನೀವೇ ಆಗಿದ್ದರೆ ಅಲ್ಲೇ ಬಿದ್ದುಕೊಂಡು ಕಾಯಬೇಡಿ. ವೇಪಾಯಿಂಟ್ ಒತ್ತಿ ಓಡಿ ಬನ್ನಿ.

ಇನ್ನು ತಮ್ಮನ ವಿಷಯ, ವರ್ಲ್ಡ್ ಬಾಸ್. ಇವುಗಳಿಗೆ ಟೈಮ್‌ಟೇಬಲ್ ಇದೆ. 2014ರ ಏಪ್ರಿಲ್‌ನಲ್ಲಿ ಮೆಗಾಸರ್ವರ್, ಅಂದ್ರೆ ಬೇರೆ ಬೇರೆ ಸರ್ವರ್‌ನವರನ್ನು ಒಂದೇ ಮ್ಯಾಪ್‌ಗೆ ಸೇರಿಸುವ ವ್ಯವಸ್ಥೆ, ಬಂದಾಗಿನಿಂದ ಹೀಗೆ. ಆಟದ ಚಾಟ್‌ನಲ್ಲೇ ಇಂಗ್ಲಿಷ್ ಅಕ್ಷರದಲ್ಲಿ ಓರೆಗೆರೆ ಹಾಕಿ ವಿಕಿ, ಒಂದು ಸ್ಪೇಸ್, ಆಮೇಲೆ ಇ ಟಿ (/wiki et) ಅಂತ ಟೈಪ್ ಮಾಡಿದರೆ ವಿಕಿಯ ಈವೆಂಟ್ ಟೈಮರ್ ಪುಟ ಬ್ರೌಸರ್‌ನಲ್ಲಿ ತೆರೆಯುತ್ತದೆ. ಆಟದ ಲೆಕ್ಕ ಯುಟಿಸಿ ಸಮಯದ್ದು. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ.

ನಮ್ಮ ಸಂಜೆಗೆ ಸಣ್ಣ ಬಾಸ್‌ಗಳು ಹೀಗೆ ಬರುತ್ತವೆ. 7:45ಕ್ಕೆ ವೇಫೇರರ್ ಫುಟ್‌ಹಿಲ್ಸ್‌ನಲ್ಲಿ ಸ್ವಾನಿರ್ ಶಾಮನ್, 8:15ಕ್ಕೆ ಮೆಟ್ರಿಕಾದಲ್ಲಿ ಫೈರ್ ಎಲಿಮೆಂಟಲ್, 8:45ಕ್ಕೆ ಕ್ಯಾಲೆಡನ್ ಕಾಡಿನಲ್ಲಿ ದೊಡ್ಡ ಹುಳ, 9:15ಕ್ಕೆ ಕ್ವೀನ್ಸ್‌ಡೇಲ್‌ನಲ್ಲಿ ಶ್ಯಾಡೋ ಬೆಹಿಮೋತ್. ಎರಡೆರಡು ಗಂಟೆಗೆ ಮತ್ತೆ ಇದೇ ಸುತ್ತು. ಹೊಸಬರು ಬೆಹಿಮೋತ್‌ನಿಂದ ಶುರು ಮಾಡಿ. ಕ್ವೀನ್ಸ್‌ಡೇಲ್ 1ರಿಂದ 15ನೇ ಲೆವೆಲ್‌ನ ಮ್ಯಾಪ್, ಭಯ ಬೇಡ.

ಒಂಬತ್ತಕ್ಕೇ ಗಾಡ್ಸ್‌ಲಾಸ್ಟ್ ಜೌಗು ಪ್ರದೇಶಕ್ಕೆ ಹೋಗಿ ನಿಲ್ಲಿ. ಬಾಸ್ ಬರುವುದಕ್ಕೆ ಮೊದಲೇ ಈವೆಂಟ್‌ಗಳು ಶುರುವಾಗಿರುತ್ತವೆ. ಕೆಸರಿನ ನಡುವೆ ಅಲ್ಲಲ್ಲಿ ಪೋರ್ಟಲ್ ತೆರೆದು ಪಾತಾಳದ ಪ್ರಾಣಿಗಳು ಹೊರಗೆ ಬರುತ್ತವೆ. ಜನ ಎಲ್ಲ ಪ್ರಾಣಿಗಳನ್ನೇ ಹೊಡೆಯುತ್ತಾ ಇರುತ್ತಾರೆ, ಆದರೆ ಒಡೆಯಬೇಕಾದ್ದು ಪೋರ್ಟಲ್. ಅದು ಮುಚ್ಚದಿದ್ದರೆ ಪ್ರಾಣಿಗಳು ಬರುತ್ತಲೇ ಇರುತ್ತವೆ. ಎಲ್ಲ ಮುಗಿದ ಮೇಲೆ ಕೆಸರಿನಿಂದ ಬೆಹಿಮೋತ್‌ನ ಮೈ ಅರ್ಧ ಮೇಲೆ ಏಳುತ್ತದೆ. ಅದು ನಿಂತ ಜಾಗ ಬಿಟ್ಟು ಕದಲುವುದಿಲ್ಲ. ಹೊಡೆಯುತ್ತಾ ಇರುವಾಗ ಒಂದು ಹಂತದಲ್ಲಿ ಏಟು ತಾಗುವುದೇ ನಿಲ್ಲುತ್ತದೆ, ಸುತ್ತ ಮತ್ತೆ ಪೋರ್ಟಲ್ ತೆರೆದಿರುತ್ತವೆ. ಅವನ್ನು ಒಡೆದರೆ ಮಾತ್ರ ಏಟು ಮತ್ತೆ ತಾಗುತ್ತದೆ. ಅದು ಗೊತ್ತಿಲ್ಲದೆ ಎದುರು ನಿಂತು ಸುಮ್ನೆ ಬಾಣ ಬಿಡುವವರು ಪ್ರತಿ ರಾತ್ರಿ ಇರುತ್ತಾರೆ. ಗೆದ್ದ ಮೇಲೆ ದೊಡ್ಡ ಪೆಟ್ಟಿಗೆ ಬರುತ್ತದೆ, ತೆರೆಯಲು ಮರೆಯಬೇಡಿ. ಬಾಸ್‌ನ ವಿಶೇಷ ಬಹುಮಾನ ದಿನಕ್ಕೊಂದೇ ಸಲ, ಆಟದ ದಿನ ಬದಲಾಗುವುದು ನಮ್ಮ ಬೆಳಗಿನ 5:30ಕ್ಕೆ.

ರಾತ್ರಿ 9:30ಕ್ಕೆ ಸ್ಪಾರ್ಕ್‌ಫ್ಲೈ ಫೆನ್‌ನಲ್ಲಿ ಟೆಕ್ವಾಟಲ್ ಅನ್ನುವ ಡ್ರ್ಯಾಗನ್ ಬರುತ್ತದೆ. ಇದು ಬೇರೆ ಮಟ್ಟದ್ದು. 2013ರ ಸೆಪ್ಟೆಂಬರ್‌ನಲ್ಲಿ ಇದನ್ನು ಕಷ್ಟ ಮಾಡಿದರು, 15 ನಿಮಿಷದಲ್ಲಿ ಮುಗಿಸಬೇಕು. ಹತ್ತಿ ಕೂತು ಹೊಡೆಯುವ ಆರು ಟರೆಟ್‌ಗಳಿವೆ (ಫಿರಂಗಿಯಂಥವು), ಅದರ ಮೈಮೇಲಿನ ಗಟ್ಟಿ ಚಿಪ್ಪನ್ನು ತೆಗೆಯುವುದು ಟರೆಟ್‌ನವರ ಕೆಲಸ. ಅದು ಗೊತ್ತಿಲ್ಲದಿದ್ದರೆ ದಯವಿಟ್ಟು ಟರೆಟ್ ಹತ್ತಬೇಡಿ. ಒಬ್ಬರು ಸುಮ್ನೆ ಕೂತರೆ ಇಡೀ ಮ್ಯಾಪ್ ಬೈಯುತ್ತದೆ, ಅದೂ ನ್ಯಾಯವಾದ ಬೈಗುಳ. ಮಧ್ಯೆ ಮೂರು ಸಲ ನಮ್ಮ ಕಡೆಯ ದೊಡ್ಡ ಲೇಸರ್‌ನ ಬ್ಯಾಟರಿ ಕಾಯುವ ಹಂತ ಬರುತ್ತದೆ, ಆಗ ಎಲ್ಲರ ಜೊತೆ ಓಡಿ.

9:15ರ ಬೆಹಿಮೋತ್ ಮುಗಿಸಿ 9:30ಕ್ಕೆ ಇಲ್ಲಿಗೆ ಓಡಿ ಬಂದರೆ ಒಳ್ಳೆ ಮ್ಯಾಪ್ ಸಿಗುವುದು ಕಷ್ಟ. ಒಂದೇ ಮ್ಯಾಪ್‌ಗೆ ಹಲವು ಪ್ರತಿಗಳಿರುತ್ತವೆ, ತುಂಬಿದ್ದು ಬಿಟ್ಟು ಖಾಲಿಯಾದ ಪ್ರತಿಗೆ ನಿಮ್ಮನ್ನು ಹಾಕಬಹುದು. ಅಲ್ಲಿ ಗೆಲ್ಲುವುದಿಲ್ಲ. ಹಾಗಾಗಿ ಒಂದು ರಾತ್ರಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಟೆಕ್ವಾಟಲ್ ಬೇಕಿದ್ದರೆ ಮೊದಲೇ ಹೋಗಿ, ವೈ ಕೀ ಒತ್ತಿ ಗುಂಪು ಹುಡುಕುವ ಪಟ್ಟಿ ನೋಡಿ, ಸ್ಕ್ವಾಡ್ ಅನ್ನುವ ದೊಡ್ಡ ಗುಂಪು ಇದ್ದರೆ ಸೇರಿ. ಮ್ಯಾಪ್‌ನಲ್ಲಿ ಬಣ್ಣದ ಕಮಾಂಡರ್ ಗುರುತು ಕಂಡರೆ ಅದರ ಸುತ್ತ ನಿಲ್ಲಿ, ಚಾಟ್ ಓದಿ. ಇಂಗ್ಲಿಷ್ ತಪ್ಪಾದರೆ ಯಾರೂ ನಗುವುದಿಲ್ಲ. ಅಲ್ಲಿ ಅರ್ಧ ಜನರಿಗೆ ಇಂಗ್ಲಿಷ್ ಮನೆಮಾತಲ್ಲ.

ಅಂದ ಹಾಗೆ, ಅಕೌಂಟ್ ಮಾಡುವಾಗ ಯುರೋಪ್ ಸರ್ವರೋ ಅಮೆರಿಕದ್ದೋ ಅಂತ ಆರಿಸಬೇಕು, ಯುರೋಪ್ ಆರಿಸಿ ಅನ್ನುತ್ತೇನೆ. ನಮ್ಮ ರಾತ್ರಿ ಒಂಬತ್ತು ಅಂದ್ರೆ ಅಲ್ಲಿ ಸಂಜೆ, ಜನ ಕೆಲಸ ಬಿಟ್ಟು ಬಂದಿರುತ್ತಾರೆ. ಅಮೆರಿಕದಲ್ಲಿ ಆಗ ಬೆಳಗಿನ ಹೊತ್ತು. ಮನೆಯವರೆಲ್ಲ ಒಂದೇ ಕಡೆ ಆರಿಸಿಕೊಳ್ಳಿ, ಯುರೋಪ್‌ನವರು ಅಮೆರಿಕದವರ ಜೊತೆ ಆಡಲು ಆಗುವುದಿಲ್ಲ.

ಬೇರೆ ಆಟ ಆಡುವವರಿಗೆ ಎರಡು ಮಾತು. ಫೈನಲ್ ಫ್ಯಾಂಟಸಿ 14ರಲ್ಲಿ ಇಂಥವನ್ನು ಫೇಟ್ ಅನ್ನುತ್ತಾರೆ. ಮ್ಯಾಪ್ ಮೇಲೆ ವೃತ್ತ, ಉಳಿದ ಸಮಯ ಎರಡೂ ಕಾಣುತ್ತವೆ. ನಿಮ್ಮ ಲೆವೆಲ್ ತುಂಬಾ ಜಾಸ್ತಿ ಇದ್ದರೆ ಲೆವೆಲ್ ಇಳಿಸುವ ಲೆವೆಲ್ ಸಿಂಕ್ ಬಟನ್ ನೀವೇ ಒತ್ತಬೇಕು, ಒತ್ತದಿದ್ದರೆ ಹೊಡೆದದ್ದು ಲೆಕ್ಕಕ್ಕಿಲ್ಲ. ಎಲ್ಡರ್ ಸ್ಕ್ರಾಲ್ಸ್ ಆನ್‌ಲೈನ್‌ನಲ್ಲಿ ಮ್ಯಾಪ್ ನೋಡುವುದೇ ಬೇಡ, ಆಕಾಶ ನೋಡಿ. ಡಾರ್ಕ್ ಆ್ಯಂಕರ್ ಅನ್ನುವ ಈವೆಂಟ್ ಶುರುವಾದರೆ ಮೇಲಿಂದ ದೊಡ್ಡ ಸರಪಳಿಗಳು ಇಳಿಯುವುದು ದೂರದಿಂದಲೇ ಕಾಣುತ್ತದೆ.

ಮಳೆಗಾಲದ ಮಾತು ಹೇಳದಿದ್ದರೆ ನಮ್ಮ ಜಿಲ್ಲೆಯವರಿಗೆ ಈ ಬರಹ ಅರ್ಧ. ಜೂನ್ ಬಂತು ಅಂದ್ರೆ ಶಿರಸಿ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ದೇವರೇ ಬಲ್ಲ, ಕಾರವಾರದಲ್ಲೂ ಗಾಳಿ ಜೋರಾದರೆ ನೆಟ್ ಇಲ್ಲ. ಆ ತಿಂಗಳುಗಳಲ್ಲಿ ಟೆಕ್ವಾಟಲ್‌ನಂಥ ಉದ್ದದ ಬಾಸ್ ಬಿಟ್ಟು ಐದು ನಿಮಿಷದ ಈವೆಂಟ್ ಹಿಡಿಯುವುದೇ ಒಳ್ಳೆಯದು. ರೂಟರ್‌ಗೆ ಸಣ್ಣ ಯುಪಿಎಸ್ ಹಾಕಿದರೆ ಲ್ಯಾಪ್‌ಟಾಪ್‌ನವರಿಗೆ ಅನುಕೂಲ. ಇಲ್ಲದಿದ್ದರೆ ಫೋನಿನ ಹಾಟ್‌ಸ್ಪಾಟ್ ಸಿದ್ಧ ಇಟ್ಟುಕೊಳ್ಳಿ. ಮಧ್ಯೆ ಹೊರಗೆ ಬಿದ್ದರೆ ಕೂಡಲೇ ಲಾಗಿನ್ ಆಗಿ. ಮ್ಯಾಪ್‌ನ ಬೇರೆ ಪ್ರತಿಗೆ ಹಾಕಿದ್ದರೆ, ಪಾರ್ಟಿಯಲ್ಲಿ ಇರುವ ಜೊತೆಗಾರರ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಅವರು ಇರುವ ಪ್ರತಿಗೆ ಸೇರುವ ಆಯ್ಕೆ ಬರುತ್ತದೆ. ಅದಕ್ಕೇ ಆಡುವ ಮೊದಲು ಪಾರ್ಟಿ ಮಾಡಿಕೊಂಡಿರಿ. ಆ ಮ್ಯಾಪ್ ತುಂಬಿ ಹೋಗಿದ್ದರೆ ಮಾತ್ರ ಕೂಡಲೇ ಸೇರಲು ಆಗುವುದಿಲ್ಲ, ಜಾಗ ಖಾಲಿಯಾಗುವವರೆಗೆ ಕಾಯಬೇಕು.