ಬೀದಿದೀಪದ ಬೆಳಕಿನಲ್ಲಿ ಕೊಡವ ಸೀರೆ: ನನ್ನ ಅನುಭವ

ಸೀರೆ ಮತ್ತು ಆಭರಣಗಳ ಜಾಹೀರಾತಿಗೆ ಚಿತ್ರ ತೆಗೆಯುವುದು ಮಡಿಕೇರಿಯಲ್ಲಿ ನನ್ನ ವೃತ್ತಿ. ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಕಲಿತದ್ದು ಫ್ಯಾಷನ್ ಛಾಯಾಗ್ರಾಹಕ ಹೆಲ್ಮುಟ್ ನ್ಯೂಟನ್ ಅವರ ಚಿತ್ರಗಳಿಂದ. ನನ್ನ ತೀವ್ರ ತಕರಾರು ಇರುವುದೂ ಅವುಗಳ ಬಗ್ಗೆಯೇ. 1920ರಲ್ಲಿ ಬರ್ಲಿನ್ನಿನ ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವರು, ಈವಾ ಎಂಬ ಹೆಸರಿನಿಂದ ಪ್ರಸಿದ್ಧರಾಗಿದ್ದ ಛಾಯಾಗ್ರಾಹಕಿ ಎಲ್ಸೆ ನೊಯ್ಲೆಂಡರ್ ಅವರ ಸ್ಟುಡಿಯೊದಲ್ಲಿ ಹದಿಹರೆಯದಲ್ಲೇ ಕೆಲಸ ಕಲಿತು, 1938ರಲ್ಲಿ ನಾಜಿಗಳ ಕಾಟಕ್ಕೆ ದೇಶ ಬಿಟ್ಟು, ಸಿಂಗಪುರದ ಮೂಲಕ ಆಸ್ಟ್ರೇಲಿಯ ಸೇರಿದರು. 1960ರ ದಶಕದಲ್ಲಿ ಪ್ಯಾರಿಸ್ಸಿನ ವೋಗ್ ಫ್ಯಾಷನ್ ಪತ್ರಿಕೆಯ ಕೆಲಸ ಅವರಿಗೆ ಹೆಸರು ತಂದುಕೊಟ್ಟಿತು. ಬರ್ಲಿನ್ನಿನಲ್ಲೇ ಉಳಿದ ಈವಾ ನಾಜಿಗಳ ಕೈಯಲ್ಲಿ ಕೊಲೆಯಾದರು. ನ್ಯೂಟನ್ ಅವರನ್ನು ಹೊಗಳುವವರು ಈ ಗುರುವನ್ನೂ ನೆನೆಯಬೇಕು ಎಂಬುದು ನನ್ನ ಆಸೆ.

ನಾನು ಮತ್ತೆ ಮತ್ತೆ ನೋಡುವುದು ನ್ಯೂಟನ್ ಅವರ 1975ರ ಒಂದು ಚಿತ್ರವನ್ನು. ಪ್ಯಾರಿಸ್ಸಿನ ರ‍್ಯೂ ಓಬ್ರಿಯೊ ಎಂಬ ಕಿರುಬೀದಿಯಲ್ಲಿ, ರಾತ್ರಿ, ಈವ್ ಸಾನ್ ಲೊರಾನ್ ವಿನ್ಯಾಸದ ಸೂಟು ತೊಟ್ಟ ಹೆಣ್ಣೊಬ್ಬಳು ಒಂದು ಕೈ ಜೇಬಿನಲ್ಲಿಟ್ಟು, ಇನ್ನೊಂದರಲ್ಲಿ ಸಿಗರೇಟು ಹಿಡಿದು ನಿಂತಿದ್ದಾಳೆ. ಇದರ ಇನ್ನೊಂದು ರೂಪದಲ್ಲಿ ಅವಳ ಜೊತೆಗೆ ನಗ್ನಳಾದ ಮತ್ತೊಬ್ಬಳಿದ್ದಾಳೆ. ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ಮೊದಲನೆಯದೇ ಬಲವಾದದ್ದು ಎಂದು ನನಗೆ ಖಚಿತವಾಯಿತು. ಅಲ್ಲಿ ಕಣ್ಣು ಭುಜದ ಗೆರೆ, ಹೊಲಿಗೆ, ನಿಲುವುಗಳ ಮೇಲೆ ನೆಲೆಸುತ್ತದೆ. ಎರಡನೆಯದರಲ್ಲಿ ಸೂಟೇ ಮರೆತುಹೋಗುತ್ತದೆ. 1979ರಲ್ಲಿ ಫ್ರೆಂಚ್ ಟಿವಿಯಲ್ಲಿ ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ ಅವರು ಈ ಛಾಯಾಗ್ರಾಹಕರ ಚಿತ್ರಗಳು ಸ್ತ್ರೀದ್ವೇಷದವು ಎಂದು ಎದುರಿಗೇ ಹೇಳಿದರು. ತಾನು ಹೆಂಗಸರನ್ನು ಪ್ರೀತಿಸುವವನು ಎಂಬ ನ್ಯೂಟನ್ ಅವರ ಉತ್ತರವನ್ನು ಸೊಂಟಾಗ್ ಒಪ್ಪಲಿಲ್ಲ. ನನಗೂ ಅದು ಸಾಲದು.

ಚಿತ್ರ ಉಡುಪಿನದೋ ಮೈಯದೋ ಎಂಬ ಈ ಪ್ರಶ್ನೆ ಕೊಡವ ಸೀರೆಯ ಚಿತ್ರ ತೆಗೆಯುವವರಿಗೆ ದೂರದ್ದಲ್ಲ. ಇದರ ನೆರಿಗೆಗಳು ಬೆನ್ನಿನ ಕಡೆ ಇರುತ್ತವೆ. ಸೆರಗು ಎಡತೋಳಿನ ಕೆಳಗಿನಿಂದ ಮುಂದೆ ಬಂದು ಬಲಭುಜದ ಮೇಲೆ ನಿಲ್ಲುತ್ತದೆ. ನಮ್ಮ ರೂಪದರ್ಶಿಗೆ ಸೀರೆ ಉಡಿಸಿದ ಹಿರಿಯರು, "ಹಿಂದಿನಿಂದ ತೆಗೆಯದಿದ್ದರೆ ಇದು ಕೊಡವ ಸೀರೆ ಅಂತ ಯಾರಿಗೆ ಗೊತ್ತಾಗಬೇಕು?" ಎಂದರು. ಅವರ ಮಾತು ನಿಜ. ಆದರೆ ಹಿಂದಿನಿಂದ ತೆಗೆದ ಚಿತ್ರ ಸೀರೆಯದಾಗುತ್ತದೋ ಮೈಯದಾಗುತ್ತದೋ ಎಂಬುದನ್ನು ಕ್ಯಾಮೆರಾದ ಎತ್ತರವೇ ತೀರ್ಮಾನಿಸುತ್ತದೆ. ಕೆಳಗಿನಿಂದ ನೋಡುವ ಕ್ಯಾಮೆರಾ ಎದುರು ನಿಂತವಳಿಗೆ ಗಾಂಭೀರ್ಯ ಕೊಡಬಹುದು, ಬೆನ್ನು ತಿರುಗಿಸಿದವಳ ಸೊಂಟವನ್ನು ಮಾತ್ರ ಹಿಗ್ಗಿಸುತ್ತದೆ. ಹಾಗಾಗಿ ಟ್ರೈಪಾಡನ್ನು ಎದೆಮಟ್ಟಕ್ಕೆ ಏರಿಸಿ, ರೂಪದರ್ಶಿಯ ಮುಖವನ್ನು ಬಲಕ್ಕೆ ತಿರುಗಿಸಿದೆ. ನೋಡುವವರಿಗೆ ನೆರಿಗೆಯ ಜೊತೆಗೆ ಮುಖವೂ ಸಿಗಬೇಕು.

ಜಾಗ, ಅಂಗಡಿಗಳು ಮುಚ್ಚಿದ ಮೇಲಿನ ಮಹದೇವಪೇಟೆಯ ಒಂದು ಗಲ್ಲಿ. ಫ್ಲ್ಯಾಷ್ ಬಳಸಲಿಲ್ಲ. ದೀಪದ ಕಂಬ ಅವರ ಎಡಪಕ್ಕಕ್ಕೆ ಬರುವಂತೆ ನಿಲ್ಲಿಸಿದಾಗ ಬೆಳಕು ಓರೆಯಾಗಿ ಬಿದ್ದು ಪ್ರತಿಯೊಂದು ನೆರಿಗೆಯೂ ತನ್ನ ಪಕ್ಕದ ಮಡಿಕೆಯ ಮೇಲೆ ನೆರಳು ಚೆಲ್ಲಿತು. ಬೆಳಕು ನೇರವಾಗಿ ಬಿದ್ದಿದ್ದರೆ ಅವೆಲ್ಲ ಒಂದೇ ಹಲಗೆಯಂತೆ ಕಾಣುತ್ತಿದ್ದವು. ಮುಖದ ಕತ್ತಲನ್ನು ತಿಳಿಗೊಳಿಸಲು ಒಂದು ಬಿಳಿ ಥರ್ಮಾಕೋಲ್ ಹಾಳೆ ಸಾಕಾಯಿತು. ಕ್ಯಾಮೆರಾದ ಬೆಳಕಿನ ಸಂವೇದನೆ (ಐಎಸ್ಒ) 1600, ಮಸೂರದ ತೆರಪು ಎಫ್ 2.8, ಬೆಳಕನ್ನು ಒಳಬಿಟ್ಟ ಹೊತ್ತು ಸೆಕೆಂಡಿನ 15ನೇ ಒಂದು ಭಾಗ. ಅಷ್ಟು ಹೊತ್ತು ಅವರು ಉಸಿರು ಹಿಡಿದು ನಿಲ್ಲಬೇಕಿತ್ತು. ತೆಳುವಾದ ಮಂಜು ಬೆಳಕನ್ನು ಮೃದುವಾಗಿಸುತ್ತದೆ, ದಟ್ಟವಾದರೆ ನೆರಳನ್ನೇ ಅಳಿಸಿಬಿಡುತ್ತದೆ. ಮಂಜು ಕವಿದಾಗಲೆಲ್ಲ ಕಾದೆವು.

ನಾಲ್ಕೈದು ಚಿತ್ರಗಳಿಗೊಮ್ಮೆ ಕ್ಯಾಮೆರಾದ ಪರದೆಯನ್ನು ರೂಪದರ್ಶಿಗೆ ತೋರಿಸಿ, ಅವರು ಬೇಡವೆಂದವನ್ನು ಅಲ್ಲಿಯೇ ಅಳಿಸಿದೆ. ಇದರಿಂದ ಕೆಲಸ ನಿಧಾನವಾಯಿತು, ಆದರೆ ಅವರ ನಿಲುವಿಗೆ ಬಂದ ಧೈರ್ಯ ಚಿತ್ರದಲ್ಲಿ ಕಾಣುತ್ತದೆ. ಚಿತ್ರ ಬೇಕೆಂದಿದ್ದ ಮಳಿಗೆಯವರು ಮುಖ ಬಿಟ್ಟು ಸೊಂಟದಿಂದ ಕೆಳಗಿನ ಭಾಗವನ್ನಷ್ಟೇ ಕತ್ತರಿಸಿ ಕೊಡಿ ಎಂದು ಕೇಳಿದಾಗ ನಾನು ಒಪ್ಪಲಿಲ್ಲ. ಆಮೇಲಿನ ಒಪ್ಪಂದಗಳಲ್ಲೆಲ್ಲ, ರೂಪದರ್ಶಿಯ ಲಿಖಿತ ಒಪ್ಪಿಗೆಯಿಲ್ಲದೆ ಚಿತ್ರವನ್ನು ಕತ್ತರಿಸುವಂತಿಲ್ಲ ಎಂಬ ಷರತ್ತನ್ನು ಸೇರಿಸುತ್ತಿದ್ದೇನೆ.