ಕೂಣಿಯ ಬಾಲ ನೀರಿನ ಮೇಲಿರಲಿ

ತೀರ್ಥಹಳ್ಳಿ ಕಡೆ ಹಳ್ಳಕ್ಕೆ ಕೂಣಿ ಇಡುವುದು ಹೊಸದಲ್ಲ. ಕೂಣಿ ಅಂದರೆ ಮೀನು ಹಿಡಿಯುವ ಉದ್ದನೆಯ ಬುಟ್ಟಿ; ಮೀನು ನುಗ್ಗುವ ಅಗಲದ ಕಡೆ ಬಾಯಿ, ಕಟ್ಟಿ ಮುಚ್ಚಿದ ಕಿರಿದಾದ ತುದಿ ಬಾಲ. ಬೆಳಗ್ಗೆ ಎತ್ತಿದಾಗ ಮೀನಿನ ಜೊತೆ ಸತ್ತ ಆಮೆಯೂ ಬರುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಆಮೆ, ಒಳ್ಳೆಹಾವು, ನೀರುನಾಯಿ ಇವಕ್ಕೆಲ್ಲ ಆಗಾಗ ಮೇಲೆ ಬಂದು ಗಾಳಿ ಎಳೆದುಕೊಳ್ಳಬೇಕು. ಮೀನಿನಾಸೆಗೆ ಕೂಣಿಗೆ ನುಗ್ಗುತ್ತವೆ, ಉಸಿರುಕಟ್ಟಿ ಸಾಯುತ್ತವೆ.

ಮೊದಲು ಕಾಲ ನೋಡಿ. ಮುಂಗಾರಿನ ಮೊದಲ ಮಳೆಗೆ ನೀರಿಗೆದುರಾಗಿ ಏರುವ ಮೀನಿನ, ಅಂದರೆ ಹತ್ತುಮೀನಿನ, ಹೊಟ್ಟೆ ತುಂಬ ಮೊಟ್ಟೆ. ಆಗ ಕೂಣಿ ಅಟ್ಟದ ಮೇಲೇ ಇರಲಿ. ಚಿಬ್ಬಲಗುಡ್ಡೆಯಂಥ ಮತ್ಸ್ಯಧಾಮದ ಹತ್ತಿರವಂತೂ ಯಾವ ಕಾಲಕ್ಕೂ ಬೇಡ.

ಇನ್ನು ಇಡುವ ಕೆಲಸ. ಎಲ್ಲರೂ ಎಡವುವುದು ಇಲ್ಲೇ. ಬಾಯಿ ನೀರಲ್ಲಿರಬೇಕು, ಬಾಲ ಒಂದು ಗೇಣಾದರೂ ಮೇಲಿರಬೇಕು. ಅದಕ್ಕೆಂದು ಬಾಲವನ್ನು ಗೂಟಕ್ಕೆ ಬಿಗಿದು ಕಟ್ಟುತ್ತಾರೆ. ಸಂಜೆ ನೋಡಿದರೆ ಸರಿಯಾಗೇ ಇರುತ್ತದೆ. ರಾತ್ರಿ ಘಟ್ಟದ ಮೇಲೆ ಮಳೆ ಹೊಡೆದರೆ ಮೊಣಕಾಲುದ್ದದ ಹಳ್ಳ ಬೆಳಗಾಗುವಾಗ ಸೊಂಟ ಮುಟ್ಟುತ್ತದೆ. ಬಿಗಿದ ಕೂಣಿ ಪೂರ್ತಿ ಮುಳುಗುತ್ತದೆ. ಹಾಗಾಗಿ ಬಾಯಿಯನ್ನಷ್ಟೇ ಕಲ್ಲು ಹೇರಿ ನಿಲ್ಲಿಸಿ. ಬಾಲದ ಹಗ್ಗ ಎರಡು ಮೊಳ ಸಡಿಲ ಇರಲಿ. ಬಾಲದ ಎರಡೂ ಪಕ್ಕಕ್ಕೆ ಎರಡು ಲೀಟರಿನ ಖಾಲಿ ಬಾಟಲಿ ಒಂದೊಂದು ಕಟ್ಟಿ. ಮುಚ್ಚಳ ಗಟ್ಟಿ ಇರಲಿ. ತೆಳು ನೀರಿನ ಬಾಟಲಿ ಬೇಗ ಜಜ್ಜಿಹೋಗುತ್ತದೆ, ತಂಪುಪಾನೀಯದ್ದೇ ವಾಸಿ. ಕಟ್ಟಿದ ಮೇಲೆ ಬಾಲವನ್ನು ಕೈಯಿಂದ ಒತ್ತಿ ಮುಳುಗಿಸಿ ಬಿಡಿ. ಪುಟಕ್ಕನೆ ಮೇಲೆ ಬರಬೇಕು. ಬರದಿದ್ದರೆ ಇನ್ನೊಂದು ಬಾಟಲಿ ಸೇರಿಸಿ.

ಬಾಯಿಗೆ ಬಿದಿರು ಸೀಳಿನ ಚೌಕ ಕಟ್ಟಿ, ಕಂಡಿ ನಾಲ್ಕು ಬೆರಳಿಗಿಂತ ಅಗಲ ಬೇಡ. ದೊಡ್ಡ ನೀರುನಾಯಿ ಒಳಗೆ ಬರಲ್ಲ. ಬಿದಿರಿನ ಬದಲು ಹಗ್ಗದ ಚೌಕ ಮಾಡಿದರೆ ನೀರುನಾಯಿ ತಲೆ ತುರುಕಿ ಹಿಗ್ಗಿಸಿಬಿಡುತ್ತದೆ. ಇಂಗ್ಲೆಂಡಿನಲ್ಲಿ ಹಾವುಮೀನು ಹಿಡಿಯುವ ಬಲೆಗೆ ಇಂಥ ತಡೆ ಕಡ್ಡಾಯ. ನಮ್ಮಲ್ಲಿ ನೀರುನಾಯಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಆನ್‌ಲೈನಿನಲ್ಲಿ ಬರುವ ಉದ್ದನೆಯ ಮಡಚುವ ನೈಲಾನ್ ಬಲೆ ಇದೆಯಲ್ಲ, ಅದನ್ನು ಕೊಳ್ಳಲೇಬೇಡಿ. ಹತ್ತಾರು ಬಾಯಿ, ಮಲಗುವುದು ತಳದಲ್ಲೇ. ಬಾಟಲಿ ಕಟ್ಟಿ ಸರಿಮಾಡೋಣ ಅಂತ ನಾನೂ ಒಮ್ಮೆ ನೋಡಿದೆ. ನಡು ಎದ್ದಿತು, ಎರಡೂ ತುದಿ ಮುಳುಗೇ ಇದ್ದವು. ಸುಮ್ನೆ ದುಡ್ಡು ದಂಡ.

ಸಂಜೆ ಇಟ್ಟಿದ್ದನ್ನು ನಸುಕಿಗೆ ಎತ್ತಿ. ಆಮೆ ಇದ್ದರೆ ಕಾಲು ಹಿಡಿದು ಎಳೆಯದೆ ಬಾಲದ ಬಾಯಿಕಟ್ಟು ಬಿಚ್ಚಿ, ತಾನೇ ಹೋಗುತ್ತದೆ. ನೆಂಟರ ಮದುವೆಗೆ ಹೊರಟಿದ್ದರೆ ಕೂಣಿಯನ್ನು ಹಿಂದಿನ ದಿನವೇ ಮನೆಗೆ ತನ್ನಿ.